ಇಪಿಎಬಿಎಕ್ಸ್ ಮೂಲಕ ಡಯಲ್-ಅಪ್: ಕಚೇರಿ ಫೋನಿಗೆ ಮೋಡೆಮ್ ಹೊಂದಿಸುವ ಕೆಲಸ

ವಿದೇಶ್ ಸಂಚಾರ್ ನಿಗಮ್, ಅಂದರೆ ನಾವೆಲ್ಲ ವಿಎಸ್‌ಎನ್‌ಎಲ್ ಎಂದು ಕರೆಯುತ್ತಿದ್ದ ಸಂಸ್ಥೆ, ಭಾರತದಲ್ಲಿ ಸಾರ್ವಜನಿಕರಿಗಾಗಿ ಇಂಟರ್ನೆಟ್ ಸೇವೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಆಮೇಲಿನ ಹಲವು ವರ್ಷ ಅದು ಹೆಚ್ಚಿನವರನ್ನು ತಲುಪಿದ್ದು ಟೆಲಿಫೋನ್ ತಂತಿಯ ಮೂಲಕವೇ, ಫೋನ್ ಕರೆ ಮಾಡಿ ಪಡೆಯುವ ಆ ಸಂಪರ್ಕವೇ ಡಯಲ್-ಅಪ್. ಮನೆಗಳಲ್ಲಿ ಈ ಜೋಡಣೆ ಸರಳವಾಗಿತ್ತು. ದೂರವಾಣಿ ಕೇಂದ್ರದಿಂದ ಬಂದ ಒಂದು ಜೋಡಿ ತಾಮ್ರದ ತಂತಿಯ ತುದಿಗೆ, ಕಂಪ್ಯೂಟರಿನ ಮಾಹಿತಿಯನ್ನು ಫೋನಿನಲ್ಲಿ ಹೋಗುವ ಸ್ವರಗಳಾಗಿ ಬದಲಿಸುವ ಒಂದು ಮೋಡೆಮ್ ಕೂರುತ್ತಿತ್ತು, ಅಷ್ಟೆ. ಕಚೇರಿಗಳಲ್ಲಿ ಮಾತ್ರ ತಂತಿಗೂ ಮೋಡೆಮ್‌ಗೂ ನಡುವೆ ಮತ್ತೊಂದು ಯಂತ್ರ ನಿಂತಿರುತ್ತಿತ್ತು. ಕೆಲವೇ ಹೊರಗಿನ ಲೈನುಗಳನ್ನು ಮೂವತ್ತು ನಲವತ್ತು ಮೇಜುಗಳಿಗೆ ಹಂಚುವ ಆ ಯಂತ್ರವೇ ಇಪಿಎಬಿಎಕ್ಸ್. ಬೆಂಗಳೂರಿನ ಕಚೇರಿಗಳಲ್ಲಿ ಇಂಥ ಯಂತ್ರಗಳನ್ನು ನೋಡಿಕೊಳ್ಳುವುದು ಆ ಕಾಲದಲ್ಲಿ ನನ್ನ ಉದ್ಯೋಗದ ಒಂದು ಭಾಗವಾಗಿತ್ತು. ಡಯಲ್-ಅಪ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೋಡೆಮ್ ಮಾಡುತ್ತಿದ್ದ ಸದ್ದನ್ನು ನೆನೆಯುತ್ತಾರೆ. ಅದರ ಹಿಂದೆ ಇದ್ದ ಹೊಂದಾಣಿಕೆಯ ಕೆಲಸದ ಬಗ್ಗೆ ಕನ್ನಡದಲ್ಲಿ ಒಂದು ದಾಖಲೆ ಇರಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ.

ಇಪಿಎಬಿಎಕ್ಸ್ ಅನ್ನು ರೂಪಿಸಿದವರು ಎರಡೂ ತುದಿಗಳಲ್ಲಿ ಮನುಷ್ಯರಿದ್ದಾರೆ ಎಂದು ಭಾವಿಸಿಯೇ ರೂಪಿಸಿದ್ದಾರೆ. ಮನುಷ್ಯನಿಗೆ ಡಯಲ್ ಟೋನ್ ಸ್ವಲ್ಪ ಬೇರೆಯಾಗಿ ಕೇಳಿದರೂ ಅದು ಡಯಲ್ ಟೋನ್ ಎಂದು ಗೊತ್ತಾಗುತ್ತದೆ, ಮಾತಿನ ನಡುವೆ ಒಂದು ಬೀಪ್ ಬಂದರೆ ಅವನು ಅರೆಕ್ಷಣ ನಿಲ್ಲಿಸಿ ಮುಂದುವರಿಯುತ್ತಾನೆ, ಆಪರೇಟರ್ ನಡುವೆ ಬಂದು ಮಾತಾಡಿದರೆ ಉತ್ತರ ಕೊಡುತ್ತಾನೆ. ಮೋಡೆಮ್‌ಗೆ ಇವುಗಳಲ್ಲಿ ಯಾವುದೂ ಸಾಧ್ಯವಿಲ್ಲ. ಆದ್ದರಿಂದ ಕಚೇರಿಯಲ್ಲಿ ಡಯಲ್-ಅಪ್ ಕೆಲಸ ಮಾಡದಿದ್ದಾಗ ಎಲ್ಲರೂ ಕಂಪ್ಯೂಟರಿನ ಮುಂದೆ ಕುಳಿತು ಡ್ರೈವರನ್ನು ಮತ್ತೆ ಮತ್ತೆ ಹಾಕುತ್ತಿದ್ದರೂ, ನೋಡಬೇಕಾಗಿದ್ದ ಜಾಗ ಗೋಡೆಯ ಮೇಲಿನ ಪೆಟ್ಟಿಗೆಯಾಗಿತ್ತು. ಮೊದಲು ಇಪಿಎಬಿಎಕ್ಸ್ ಸರಿಪಡಿಸಬೇಕು, ಕಂಪ್ಯೂಟರನ್ನು ಕೊನೆಗೆ ಮುಟ್ಟಬೇಕು ಎಂಬ ಕ್ರಮವನ್ನು ನಾನು ಆಗಲೂ ಪಾಲಿಸುತ್ತಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ.

ಈ ಯಂತ್ರಗಳಿಗೂ ಕರ್ನಾಟಕಕ್ಕೂ ಇರುವ ನಂಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1984ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ಹಳ್ಳಿಗಳ ಬಿಸಿಲು ಧೂಳುಗಳನ್ನು ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ನಡೆಯುವ 128 ಪೋರ್ಟುಗಳ (ಲೈನ್ ಜೋಡಿಸುವ ಜಾಗಗಳ) ಪುಟ್ಟ ಡಿಜಿಟಲ್ ಎಕ್ಸ್‌ಚೇಂಜನ್ನು, ಅಂದರೆ ದೂರವಾಣಿ ಕೇಂದ್ರವನ್ನು, ವಿನ್ಯಾಸಗೊಳಿಸಿತು. ಅಂಥ ಗ್ರಾಮೀಣ ಎಕ್ಸ್‌ಚೇಂಜುಗಳಲ್ಲಿ ಮೊದಲನೆಯದು 1986ರಲ್ಲಿ ಕಾರ್ಯಾರಂಭ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಕಚೇರಿಗಳಿಗಾಗಿಯೂ ಸಿ-ಡಾಟ್ 128 ಪೋರ್ಟುಗಳ ಇಪಿಎಬಿಎಕ್ಸ್ ಒಂದನ್ನು ರೂಪಿಸಿತ್ತು. ಅದಕ್ಕೂ ಎಷ್ಟೋ ಮೊದಲು, 1948ರಲ್ಲಿ ಆರಂಭವಾದ ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ದೇಶಕ್ಕೆ ಬೇಕಾದ ಫೋನುಗಳನ್ನೂ ಎಕ್ಸ್‌ಚೇಂಜುಗಳನ್ನೂ ತಯಾರಿಸುತ್ತಿತ್ತು. ಯಾಂತ್ರಿಕ ಸ್ವಿಚ್ಚುಗಳಿಂದ ನಡೆಯುತ್ತಿದ್ದ ಹಳೆಯ ಸ್ಟ್ರೋಜರ್ ಎಕ್ಸ್‌ಚೇಂಜಿನ ಲೈನುಗಳಲ್ಲಿ, ಪ್ರತಿ ಅಂಕಿಗೂ ಒಂದು ಸ್ವರ ಕಳಿಸುವ ಟೋನ್ ಡಯಲಿಂಗ್ ನಡೆಯುತ್ತಿರಲಿಲ್ಲ. ಅಲ್ಲಿ ಮೋಡೆಮ್‌ಗೆ ಎಟಿಡಿಟಿ ಎಂಬ ಆದೇಶದ ಬದಲು ಎಟಿಡಿಪಿ ಎಂದು ಕೊಟ್ಟು ಪಲ್ಸ್‌ನಲ್ಲಿ, ಅಂದರೆ ಹಳೆಯ ತಿರುಗುವ ಡಯಲಿನಂತೆ ಲೈನನ್ನು ಕಡಿದು ಕೂಡಿಸಿ, ಡಯಲ್ ಮಾಡಿಸಬೇಕಿತ್ತು.

ಜೋಡಣೆಯ ಮೊದಲ ಹೆಜ್ಜೆ ಎಕ್ಸ್‌ಟೆನ್ಷನ್, ಅಂದರೆ ಇಪಿಎಬಿಎಕ್ಸ್‌ನಿಂದ ಮೇಜಿಗೆ ಬರುವ ಒಳಗಿನ ಲೈನ್, ಯಾವ ಬಗೆಯದು ಎಂದು ತಿಳಿಯುವುದು. ಇಪಿಎಬಿಎಕ್ಸ್‌ನಲ್ಲಿ ಎರಡು ಬಗೆಯ ಪೋರ್ಟುಗಳಿರುತ್ತವೆ. ಮಾಮೂಲಿ ಫೋನಿಗೆ ಹೊಂದುವ ಅನಲಾಗ್ ಪೋರ್ಟ್ ಒಂದು, ಇದನ್ನು ಎಸ್‌ಎಲ್‌ಟಿ ಪೋರ್ಟ್ ಎನ್ನುತ್ತಾರೆ. ಆಪರೇಟರ್ ಅಥವಾ ಮ್ಯಾನೇಜರ್ ಮೇಜಿನ ಮೇಲಿರುವ, ಸಾಲುಸಾಲು ಗುಂಡಿ ಮತ್ತು ದೀಪಗಳ ಡಿಜಿಟಲ್ ಫೋನಿಗೆ ಹೋಗುವ ಪೋರ್ಟ್ ಇನ್ನೊಂದು. ಎರಡನೆಯದರಲ್ಲಿ ತಯಾರಕರು ತಮ್ಮದೇ ರೀತಿಯಲ್ಲಿ ರೂಪಿಸಿದ ಡಿಜಿಟಲ್ ಸಂಕೇತಗಳು ಹರಿಯುತ್ತವೆ, ಅದಕ್ಕೆ ಮೋಡೆಮ್ ಸಿಕ್ಕಿಸಿದರೆ ಸಂಪರ್ಕ ಸಿಗದಿರುವುದು ಮಾತ್ರವಲ್ಲ, ಮೋಡೆಮ್ ಸುಟ್ಟುಹೋಗುವ ಸಾಧ್ಯತೆಯೂ ಇದೆ. ಗೋಡೆಯ ಸಾಕೆಟ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದ ಕಣ್ಣನ್ನು ನಂಬದೆ, ಯಾವ ಪೋರ್ಟಿಗೆ ಯಾವ ಜೋಡಿ ಹೋಗಿದೆ ಎಂದು, ಎಲ್ಲ ತಂತಿಗಳೂ ಬಂದು ಸೇರುವ ಎಂಡಿಎಫ್ ಪೆಟ್ಟಿಗೆಯಲ್ಲಿ ಪತ್ತೆ ಮಾಡಬೇಕು. ಆಮೇಲೆ ಅದೇ ಸಾಕೆಟ್ಟಿಗೆ ಒಂದು ಮಾಮೂಲಿ ಫೋನನ್ನು ಸಿಕ್ಕಿಸಿ, ಹೊರಗಿನ ನಂಬರಿಗೆ ಕೈಯಿಂದಲೇ ಡಯಲ್ ಮಾಡಿ, ಆ ತುದಿಯ ಮೋಡೆಮ್‌ನ ಸಿಳ್ಳೆಯಂಥ ಸ್ವರ ಕಿವಿಗೆ ಕೇಳಿಸುವವರೆಗೆ ಕಂಪ್ಯೂಟರನ್ನು ಆನ್ ಮಾಡಲೂಬಾರದು. ಮನುಷ್ಯ ಡಯಲ್ ಮಾಡಿದಾಗ ಹೋಗದ ಕರೆ ಮೋಡೆಮ್‌ನಿಂದ ಹೋಗುವುದಿಲ್ಲ.

ಮುಂದಿನ ತೊಡಕು ಡಯಲ್ ಟೋನಿನದು, ಕಚೇರಿಗಳಲ್ಲಿ ಅತಿ ಹೆಚ್ಚು ಜನರನ್ನು ಕಾಡಿದ್ದೂ ಇದೇ. ಭಾರತದ ದೂರವಾಣಿ ಕೇಂದ್ರಗಳು ಕೊಡುವ ಡಯಲ್ ಟೋನ್ 400 ಹರ್ಟ್ಸ್‌ನ, 25 ಹರ್ಟ್ಸ್‌ನಿಂದ ಮಾಡ್ಯುಲೇಟ್ ಆದ, ಎಡೆಬಿಡದ ಸ್ವರ. ಇಪಿಎಬಿಎಕ್ಸ್ ತನ್ನ ಎಕ್ಸ್‌ಟೆನ್ಷನ್‌ಗಳಿಗೆ ಕೊಡುವ ಒಳಗಿನ ಟೋನ್ ಅದೇ ರೀತಿ ಇರಬೇಕೆಂದೇನೂ ಇಲ್ಲ. ಎಷ್ಟೋ ಯಂತ್ರಗಳಲ್ಲಿ ಅದು ಬಿಟ್ಟುಬಿಟ್ಟು ಬರುತ್ತದೆ, ಯಾರಾದರೂ ಕರೆಗಳನ್ನು ಬೇರೆಡೆಗೆ ತಿರುಗಿಸಿಟ್ಟಿದ್ದರೆ ಇಲ್ಲವೇ ಸಂದೇಶ ಕಾಯುತ್ತಿದ್ದರೆ ಅದರ ಲಯವೇ ಬದಲಾಗುತ್ತದೆ. ಮೋಡೆಮ್ ಆ ಟೋನನ್ನು ಗುರುತಿಸದೆ ‘ಡಯಲ್ ಟೋನ್ ಇಲ್ಲ’ ಎಂದು ವರದಿ ಮಾಡಿ ಕೆಳಗಿಟ್ಟುಬಿಡುತ್ತದೆ. ರಿಸೀವರ್ ಎತ್ತಿ ಕೇಳಿದ ಬಳಕೆದಾರರಿಗೆ ಟೋನ್ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆಯಾದ್ದರಿಂದ ಅವರು ಮೋಡೆಮ್ಮೇ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಇದಕ್ಕೆ ಪರಿಹಾರ ಚಿಕ್ಕದು. ವಿಂಡೋಸ್ 95 ಮತ್ತು 98ರಲ್ಲಿ ಮೋಡೆಮ್‌ನ ಪ್ರಾಪರ್ಟೀಸ್ ತೆರೆದು, ಡಯಲ್ ಮಾಡುವ ಮೊದಲು ಟೋನಿಗಾಗಿ ಕಾಯಬೇಕು ಎಂಬ ಕಡೆ ಇರುವ ಗುರುತನ್ನು ತೆಗೆದರೆ ಸಾಕು. ನೇರವಾಗಿ ಆದೇಶ ಕೊಡುವವರು ಎಟಿಎಕ್ಸ್3 ಎಂದು ಕೊಡಬಹುದು. ಎಕ್ಸ್4 ಇದ್ದಾಗ ಮೋಡೆಮ್ ಡಯಲ್ ಟೋನನ್ನೂ ಬಿಜಿ ಟೋನನ್ನೂ ಹುಡುಕುತ್ತದೆ, ಎಕ್ಸ್3 ಕೊಟ್ಟಾಗ ಡಯಲ್ ಟೋನಿಗೆ ಕಾಯದೆ ಮುಂದುವರಿದು ಬಿಜಿ ಟೋನನ್ನು ಮಾತ್ರ ಗಮನಿಸುತ್ತದೆ. ಕೆಲವರು ಎಲ್ಲವನ್ನೂ ಆಫ್ ಮಾಡಲು ಎಕ್ಸ್1 ಅಥವಾ ಎಕ್ಸ್0 ಬಳಸುತ್ತಿದ್ದರು. ನನಗೆ ಅದು ಸರಿ ಕಾಣುತ್ತಿರಲಿಲ್ಲ, ಏಕೆಂದರೆ ಆಗ ಬಿಜಿ ಟೋನ್ ಬಂದರೂ ಮೋಡೆಮ್ ಗಡುವು ತೀರುವವರೆಗೆ ಟ್ರಂಕ್ ಲೈನನ್ನು, ಅಂದರೆ ದೂರವಾಣಿ ಕೇಂದ್ರದಿಂದ ಬಂದ ಹೊರಲೈನನ್ನು, ಹಿಡಿದುಕೊಂಡೇ ಇರುತ್ತದೆ. ನಾಲ್ಕೇ ಟ್ರಂಕುಗಳಿರುವ ಕಚೇರಿಯಲ್ಲಿ ಹಾಗೆ ಒಂದು ಲೈನ್ ಸುಮ್ಮನೆ ಅಡಕವಾಗುವುದು ಸಣ್ಣ ನಷ್ಟವಲ್ಲ.

ಹೊರಲೈನ್ ಪಡೆಯಲು ನಮ್ಮಲ್ಲಿ ಹೆಚ್ಚಿನ ಕಚೇರಿಗಳಲ್ಲಿ ಸೊನ್ನೆ ಒತ್ತುತ್ತಾರೆ, ಕೆಲವೆಡೆ ಒಂಬತ್ತು. ಸೊನ್ನೆ ಒತ್ತಿದ ಮೇಲೆ ಇಪಿಎಬಿಎಕ್ಸ್ ಖಾಲಿ ಇರುವ ಟ್ರಂಕನ್ನು ಹುಡುಕಿ, ದೂರವಾಣಿ ಕೇಂದ್ರದ ಡಯಲ್ ಟೋನ್ ಬರುವವರೆಗೆ ಒಂದಿಷ್ಟು ಹೊತ್ತು ಬೇಕು. ಮನುಷ್ಯ ಅದನ್ನು ಕೇಳಿಸಿಕೊಂಡು ಮುಂದಿನ ಅಂಕಿ ಒತ್ತುತ್ತಾನೆ, ಮೋಡೆಮ್ ಮಾತ್ರ ಒಂದೇ ಉಸಿರಿನಲ್ಲಿ ಎಲ್ಲ ಅಂಕಿಗಳನ್ನೂ ಒತ್ತಿಬಿಡುತ್ತದೆ. ಆಗ ಮೊದಲ ಒಂದೆರಡು ಅಂಕಿಗಳು ಕಳೆದುಹೋಗಿ ತಪ್ಪು ನಂಬರಿಗೆ ಕರೆ ಹೋಗುತ್ತದೆ. ಸೊನ್ನೆಯ ನಂತರ ಒಂದು ಅಲ್ಪವಿರಾಮ ಹಾಕುವುದು ಇದಕ್ಕಾಗಿಯೇ. ಡಯಲ್ ಮಾಡುವ ಅಂಕಿಗಳ ನಡುವೆ ಅಲ್ಪವಿರಾಮ ಬಂದರೆ ಮೋಡೆಮ್ ಎರಡು ಸೆಕೆಂಡು ನಿಲ್ಲುತ್ತದೆ. ಈ ಅವಧಿಯನ್ನು ಮೋಡೆಮ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಎಸ್8 ಎಂಬ ರಿಜಿಸ್ಟರಿನಲ್ಲಿ ಬದಲಿಸಬಹುದು, ಆದರೆ ಇನ್ನೊಂದು ಅಲ್ಪವಿರಾಮ ಸೇರಿಸುವುದೇ ಸುಲಭ. ಡಬ್ಲ್ಯೂ ಎಂಬ ಅಕ್ಷರ ಹಾಕಿದರೆ ಮೋಡೆಮ್ ಎರಡನೆಯ ಟೋನಿಗಾಗಿಯೇ ಕಾಯುತ್ತದೆ. ಕಾಗದದ ಮೇಲೆ ಇದು ಅಲ್ಪವಿರಾಮಕ್ಕಿಂತ ಉತ್ತಮವಾಗಿ ಕಾಣುತ್ತದೆ, ಆದರೆ ದೂರದ ಎಕ್ಸ್‌ಚೇಂಜಿನಿಂದ ಕ್ಷೀಣವಾಗಿ ಬರುವ ಟೋನನ್ನು ಗುರುತಿಸಲಾರದೆ ಮೋಡೆಮ್ ಅಲ್ಲೇ ನಿಂತುಬಿಡುವ ಸಂಭವವೂ ಇದೆ, ಆದ್ದರಿಂದ ನಾನು ಅಲ್ಪವಿರಾಮವನ್ನೇ ನೆಚ್ಚಿಕೊಂಡೆ.

ಈ ಸೊನ್ನೆಯನ್ನು ಎಲ್ಲಿ ಬರೆಯಬೇಕು ಎಂಬುದೂ ಮುಖ್ಯ. ಫೋನ್ ನಂಬರಿನ ಜತೆಗೇ ಬರೆದುಬಿಟ್ಟರೆ ಆ ಮೇಜಿನಲ್ಲಿ ಕೆಲಸ ನಡೆಯುತ್ತದೆ, ಆದರೆ ಲ್ಯಾಪ್‌ಟಾಪ್ ಹಿಡಿದು ಮನೆಗೆ ಹೋದವರು ಅಲ್ಲಿ ಅದೇ ಸೊನ್ನೆಯೊಂದಿಗೆ ಡಯಲ್ ಮಾಡಿದರೆ, ನಮ್ಮ ದೇಶದಲ್ಲಿ ಸೊನ್ನೆ ಎಸ್‌ಟಿಡಿಯ ಮೊದಲ ಅಂಕಿಯಾದ್ದರಿಂದ, ಕರೆ ಎಲ್ಲಿಗೋ ಹೋಗುತ್ತದೆ. ವಿಂಡೋಸ್‌ನ ಡಯಲಿಂಗ್ ಪ್ರಾಪರ್ಟೀಸ್‌ನಲ್ಲಿ ‘ಕಚೇರಿ’ ಎಂದೂ ‘ಮನೆ’ ಎಂದೂ ಎರಡು ಸ್ಥಳಗಳನ್ನು ಮಾಡಿ, ಹೊರಲೈನಿನ ಅಂಕಿಯನ್ನು ಕಚೇರಿಯ ಸ್ಥಳದಲ್ಲಿ ಮಾತ್ರ ಬರೆಯುವುದು ಸರಿಯಾದ ದಾರಿ. ಸ್ಥಳೀಯ ಕರೆಗೊಂದು, ದೂರದ ಕರೆಗೊಂದು ಖಾನೆ ಅಲ್ಲಿರುತ್ತದೆ, ಎರಡನ್ನೂ ತುಂಬಬೇಕು. ಇಷ್ಟು ಮಾಡಿದರೂ ಸೊನ್ನೆ ಹೋಗದಿದ್ದರೆ, ಆ ಸಂಪರ್ಕದಲ್ಲಿ ಏರಿಯಾ ಕೋಡ್ ಮತ್ತು ಡಯಲಿಂಗ್ ಪ್ರಾಪರ್ಟೀಸ್ ಬಳಸಬೇಕು ಎಂಬ ಗುರುತು ತಪ್ಪಿಹೋಗಿದೆಯೇ ಎಂದು ನೋಡಬೇಕು. ಆ ಗುರುತಿಲ್ಲದಿದ್ದರೆ ವಿಂಡೋಸ್ ಸ್ಥಳದ ಸೂಚನೆಗಳನ್ನು ಪೂರ್ತಿಯಾಗಿ ಕಡೆಗಣಿಸಿ ಬರೀ ನಂಬರನ್ನು ಒತ್ತುತ್ತದೆ.

ಇಪಿಎಬಿಎಕ್ಸ್‌ನ ಕಡೆಯಲ್ಲಿ ಪ್ರತಿ ಎಕ್ಸ್‌ಟೆನ್ಷನ್‌ಗೂ ಒಂದು ದರ್ಜೆ ಇರುತ್ತದೆ: ಒಳಗಿನ ಕರೆ ಮಾತ್ರ, ಸ್ಥಳೀಯ ಕರೆ, ಎಸ್‌ಟಿಡಿ, ಐಎಸ್‌ಡಿ ಹೀಗೆ. ಕರೆಯ ಮೊದಲ ಕೆಲವು ಅಂಕಿಗಳನ್ನು ನೋಡಿ ಯಂತ್ರ ಬಿಡಬೇಕೋ ತಡೆಯಬೇಕೋ ಎಂದು ನಿರ್ಧರಿಸುತ್ತದೆ. ಇಂಟರ್ನೆಟ್ ಸೇವೆಗಳಿಗೆ 172ರಿಂದ ಶುರುವಾಗುವ ನಂಬರುಗಳು ಬಂದಾಗ, ಅದಕ್ಕೂ ಮೊದಲೇ ಬರೆದಿಟ್ಟ ಪಟ್ಟಿಗಳಲ್ಲಿ ಒಂದರಿಂದ ಆರಂಭವಾಗುವ ವಿಶೇಷ ಸೇವೆಗಳನ್ನು ತಡೆಹಿಡಿದಿದ್ದರೆ, ಆ ಪಟ್ಟಿಗೆ ಈ ಸರಣಿಯನ್ನು ಅನುಮತಿಸುವ ಒಂದು ಸಾಲು ಸೇರಿಸಬೇಕಾಗುತ್ತಿತ್ತು. ಆ ಅನುಮತಿಯನ್ನು ಎಲ್ಲ ಎಕ್ಸ್‌ಟೆನ್ಷನ್‌ಗಳಿಗೂ ಕೊಡದೆ ಮೋಡೆಮ್‌ನ ಎಕ್ಸ್‌ಟೆನ್ಷನ್‌ಗೆ ಮಾತ್ರ ಕೊಡುವುದು ಲೇಸು.

ಸಂಪರ್ಕ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳುವುದು ನನ್ನ ಲೆಕ್ಕದಲ್ಲಿ ಈ ಕೆಲಸದ ನಿಜವಾದ ಭಾಗ. ಕಚೇರಿಯ ಫೋನ್ ವ್ಯವಸ್ಥೆ ಮಾತಾಡುವವರ ಅನುಕೂಲಕ್ಕೆಂದು ಕೊಡುವ ಪ್ರತಿಯೊಂದು ಸೌಲಭ್ಯವೂ ಮೋಡೆಮ್‌ಗೆ ಅಪಾಯವೇ. ಬೇರೆ ಕರೆ ಕಾಯುತ್ತಿದೆ ಎಂದು ತಿಳಿಸುವ ಬೀಪ್, ಆಪರೇಟರ್ ನಡುವೆ ಪ್ರವೇಶಿಸುವ ಬಾರ್ಜ್-ಇನ್, ಪಾರ್ಕ್ ಮಾಡಿದ (ಕಾಯಿಸಿಟ್ಟ) ಕರೆಯನ್ನು ನೆನಪಿಸುವ ಟೋನ್, ದೀರ್ಘ ಕರೆಗಳನ್ನು ಇಂತಿಷ್ಟು ನಿಮಿಷಕ್ಕೆ ಕತ್ತರಿಸುವ ಟೈಮರ್, ಒಂದು ಎಕ್ಸ್‌ಟೆನ್ಷನ್ ಬಿಜಿಯಾದಾಗ ಮುಂದಿನದಕ್ಕೆ ಕರೆ ಜಿಗಿಯುವ ಹಂಟಿಂಗ್ ಗುಂಪು, ಇವುಗಳಲ್ಲಿ ಯಾವುದು ಎಚ್ಚರವಾಗಿದ್ದರೂ ದೊಡ್ಡ ಫೈಲೊಂದು ಮುಕ್ಕಾಲು ಪಾಲು ಇಳಿದ ಹೊತ್ತಿನಲ್ಲಿ ಸಂಪರ್ಕ ಕಡಿದುಹೋಗಬಹುದು. ಮೋಡೆಮ್‌ನ ಎಕ್ಸ್‌ಟೆನ್ಷನ್‌ನಲ್ಲಿ ಇವೆಲ್ಲವನ್ನೂ ಒಂದೊಂದಾಗಿ ನಿಲ್ಲಿಸಬೇಕು. ಒಳ್ಳೆಯ ವ್ಯವಸ್ಥೆಗಳಲ್ಲಿ ಇದಕ್ಕಾಗಿಯೇ ಒಂದು ಸೌಲಭ್ಯವಿರುತ್ತದೆ. ಪ್ಯಾನಸಾನಿಕ್ ವ್ಯವಸ್ಥೆಗಳಲ್ಲಿ ಅದನ್ನು ಡೇಟಾ ಲೈನ್ ಸೆಕ್ಯುರಿಟಿ ಎನ್ನುತ್ತಾರೆ, ಅದನ್ನು ಹಾಕಿದರೆ ಆ ಎಕ್ಸ್‌ಟೆನ್ಷನ್‌ನ ಕರೆಯ ನಡುವೆ ಯಾವ ಸೂಚನಾ ಟೋನೂ ನುಸುಳುವುದಿಲ್ಲ. ಮೋಡೆಮ್‌ನ ಕಡೆಯಿಂದಲೂ ಒಂದು ರಕ್ಷಣೆ ಇದೆ. ಆ ತುದಿಯ ಸ್ವರ ನಿಂತ ಮೇಲೆ ಎಷ್ಟು ಹೊತ್ತು ಕಾದು ಲೈನ್ ಬಿಡಬೇಕು ಎಂಬುದು ಎಸ್10 ರಿಜಿಸ್ಟರಿನಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿರುತ್ತದೆ, ಸಾಮಾನ್ಯವಾಗಿ 14, ಅಂದರೆ 1.4 ಸೆಕೆಂಡು. ಅದನ್ನು ಐವತ್ತಕ್ಕೆ ಏರಿಸಿದರೆ ಅಪರೂಪಕ್ಕೆ ಬರುವ ಚಿಕ್ಕ ಅಡ್ಡಿಯನ್ನು ಮೋಡೆಮ್ ತಾಳಿಕೊಳ್ಳುತ್ತದೆ.

ಇನ್ನು ವೇಗದ ಮಾತು. 1998ರಲ್ಲಿ ಸೆಕೆಂಡಿಗೆ 56 ಕಿಲೋಬಿಟ್‌ವರೆಗಿನ ವೇಗದ ವಿ.90 ಮಾನದಂಡ ಬಂದು ‘56ಕೆ’ ಎಂದು ಬರೆದ ಮೋಡೆಮ್‌ಗಳು ಮಾರುಕಟ್ಟೆಯಲ್ಲಿ ತುಂಬಿಕೊಂಡಾಗ, ಮನೆಯಲ್ಲಿ ಅಷ್ಟು ವೇಗ ಕೊಡುವ ಮೋಡೆಮ್ ಕಚೇರಿಯಲ್ಲಿ 28.8 ಅಥವಾ 26.4 ಕಿಲೋಬಿಟ್‌ಗೆ ನಿಲ್ಲುವುದೇಕೆ ಎಂದು ಎಲ್ಲರೂ ಕೇಳುತ್ತಿದ್ದರು. ಉತ್ತರ ದೂರವಾಣಿ ಜಾಲದ ಒಳಗಿದೆ. ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನು ಎಂಟು ಬಿಟ್‌ಗಳಲ್ಲಿ ಬರೆಯುತ್ತದೆ, ಅದೇ 64 ಕಿಲೋಬಿಟ್‌ಗಳ ಧ್ವನಿ ಮಾರ್ಗ. ಇಂಟರ್ನೆಟ್ ಕಂಪನಿ ತನ್ನ ತುದಿಯಲ್ಲಿ ಜಾಲಕ್ಕೆ ಡಿಜಿಟಲ್ ಆಗಿಯೇ ಸೇರಿಕೊಂಡಿದ್ದು, ದೂರವಾಣಿ ಕೇಂದ್ರದಲ್ಲಿ ಬಳಕೆದಾರನ ತಂತಿ ಸೇರುವ ಲೈನ್ ಕಾರ್ಡಿನಲ್ಲಿ ಮಾತ್ರ ಒಮ್ಮೆ ಡಿಜಿಟಲ್‌ನಿಂದ ಅನಲಾಗ್‌ಗೆ ಪರಿವರ್ತನೆಯಾಗುವುದಾದರೆ ಮಾತ್ರ ವಿ.90 ನಡೆಯುತ್ತದೆ. ಕಚೇರಿಯ ಇಪಿಎಬಿಎಕ್ಸ್ ಡಿಜಿಟಲ್ ಆಗಿದ್ದು ಅದರ ಟ್ರಂಕುಗಳು ಅನಲಾಗ್ ಆಗಿದ್ದರೆ, ಕೇಂದ್ರದಲ್ಲಿ ಅನಲಾಗ್ ಆದ ಸಂಕೇತ ಇಪಿಎಬಿಎಕ್ಸ್‌ನಲ್ಲಿ ಮತ್ತೆ ಡಿಜಿಟಲ್ ಆಗಿ, ಎಕ್ಸ್‌ಟೆನ್ಷನ್‌ಗೆ ಹೊರಡುವಾಗ ಇನ್ನೊಮ್ಮೆ ಅನಲಾಗ್ ಆಗುತ್ತದೆ. ಮೋಡೆಮ್ ಇದನ್ನು ಪತ್ತೆಹಚ್ಚಿ ವಿ.34 ಎಂಬ ಹಿಂದಿನ ಮಾನದಂಡಕ್ಕೆ ಇಳಿಯುತ್ತದೆ, ಅದರ ಗರಿಷ್ಠ ವೇಗ 33.6 ಕಿಲೋಬಿಟ್. ದುಬಾರಿ ಮೋಡೆಮ್ ಕೊಂಡರೂ ಇದು ಬದಲಾಗುವುದಿಲ್ಲ, ಇದು ಯಾರ ದೋಷವೂ ಅಲ್ಲ, ಪರಿವರ್ತನೆಗಳ ಸಂಖ್ಯೆಯ ಪರಿಣಾಮ.

30 ಧ್ವನಿ ಮಾರ್ಗಗಳ ಪಿಆರ್‌ಐ ಎಂಬ ಡಿಜಿಟಲ್ ಲೈನನ್ನು ತೆಗೆದುಕೊಂಡಿದ್ದ ದೊಡ್ಡ ಕಚೇರಿಗಳಲ್ಲಿ ಈ ಹೆಚ್ಚುವರಿ ಪರಿವರ್ತನೆಗಳು ಇರುವುದಿಲ್ಲವಾದ್ದರಿಂದ ವಿ.90 ಸಾಧ್ಯವಿತ್ತು. ಆದರೆ ಅಲ್ಲಿ ಬೇರೊಂದು ಸೂಕ್ಷ್ಮವಿದೆ. ಇಪಿಎಬಿಎಕ್ಸ್ ತನ್ನ ಗಡಿಯಾರವನ್ನು ದೂರವಾಣಿ ಕೇಂದ್ರದ ಗಡಿಯಾರಕ್ಕೆ ಹೊಂದಿಸಿಕೊಳ್ಳದೆ ಸ್ವತಂತ್ರವಾಗಿ ಓಡುತ್ತಿದ್ದರೆ, ಆಗಾಗ ಒಂದು ಅಳತೆ ಕಳೆದುಹೋಗುತ್ತದೆ ಅಥವಾ ಎರಡು ಬಾರಿ ಬರುತ್ತದೆ. ಮಾತಾಡುವವರಿಗೆ ಅದು ಹೆಚ್ಚೆಂದರೆ ಒಂದು ಸಣ್ಣ ಟಿಕ್ ಸದ್ದು. ಮೋಡೆಮ್‌ಗಾದರೆ ಪ್ರತಿ ಬಾರಿಯೂ ಲಯ ತಪ್ಪಿ, ಮತ್ತೆ ಹೊಂದಿಸಿಕೊಳ್ಳಲು ಹಲವು ಸೆಕೆಂಡು ಬೇಕಾಗುತ್ತದೆ. ಧ್ವನಿಯ ಬಗ್ಗೆ ಒಂದು ದೂರೂ ಇಲ್ಲದ ಕಚೇರಿಯಲ್ಲಿ ಮೋಡೆಮ್ ಮಾತ್ರ ನಿಗದಿತ ಅಂತರದಲ್ಲಿ ತಡವರಿಸುತ್ತಿದ್ದರೆ ನಾನು ಮೊದಲು ನೋಡುತ್ತಿದ್ದದ್ದು ಗಡಿಯಾರದ ಈ ಹೊಂದಾಣಿಕೆಯನ್ನೇ. ಟ್ರಂಕಿನ ಗೇನ್, ಅಂದರೆ ದನಿಯನ್ನು ಎಷ್ಟು ಹಿಗ್ಗಿಸಬೇಕು ಎಂಬ ಮಟ್ಟ, ಕೂಡ ಇಂಥದೇ ಇನ್ನೊಂದು ಸಂಗತಿ. ದನಿ ಸಣ್ಣದಾಗಿ ಕೇಳುತ್ತದೆ ಎಂಬ ದೂರಿಗೆ ಉತ್ತರವಾಗಿ ಅದನ್ನು ಏರಿಸಿದವರು ಮೋಡೆಮ್‌ನ ಸಂಕೇತವನ್ನು ವಿರೂಪಗೊಳಿಸಿರುತ್ತಾರೆ.

ಹೊರಗಿನಿಂದ ಒಳಗೆ ಬರುವ ಕರೆಗಳದು ಇನ್ನೂ ಕಷ್ಟದ ಲೆಕ್ಕ. ಶಾಖೆಗಳು ಸಂಜೆ ಮುಖ್ಯ ಕಚೇರಿಯ ವಿಂಡೋಸ್ ಎನ್‌ಟಿ ಸರ್ವರಿಗೆ ಡಯಲ್ ಮಾಡಿ ದಿನದ ಲೆಕ್ಕ ಕಳಿಸುವ ಪದ್ಧತಿ ಆಗ ಸಾಮಾನ್ಯವಾಗಿತ್ತು. ಅಲ್ಲಿ ಕಾಯುವ ಮೋಡೆಮ್‌ಗೆ ಎಸ್0=1 ಎಂದು ಕೊಟ್ಟರೆ ಮೊದಲ ರಿಂಗಿಗೇ ಎತ್ತುತ್ತದೆ, ಆದರೆ ರಿಂಗ್ ಅದರವರೆಗೆ ಬರಬೇಕಲ್ಲ. ಹೊರಗಿನ ಕರೆ ಮೊದಲು ಆಪರೇಟರ್ ಬಳಿಗೆ ಅಥವಾ ‘ಎಕ್ಸ್‌ಟೆನ್ಷನ್ ನಂಬರ್ ಒತ್ತಿ’ ಎನ್ನುವ ಧ್ವನಿ ಸೇವೆಗೆ ಹೋಗುತ್ತದೆ. ಎರಡನೆಯದಾದರೆ, ನಂಬರಿನ ನಂತರ ನಾಲ್ಕೈದು ಅಲ್ಪವಿರಾಮ ಹಾಕಿ, ಆಮೇಲೆ ಎಕ್ಸ್‌ಟೆನ್ಷನ್ ನಂಬರ್ ಬರೆದು ದಾಟಿಸಬಹುದು. ಅಲ್ಪವಿರಾಮಗಳ ಎಣಿಕೆ ಆ ಧ್ವನಿ ಎಷ್ಟು ಉದ್ದ ಮಾತಾಡುತ್ತದೆ ಎಂಬುದನ್ನು ಅವಲಂಬಿಸಿರುವುದರಿಂದ, ಹಬ್ಬದ ಶುಭಾಶಯ ಸೇರಿಸಿ ಹೊಸ ಸಂದೇಶ ರೆಕಾರ್ಡ್ ಮಾಡಿದ ದಿನ ಎಲ್ಲ ಶಾಖೆಗಳ ಸಂಪರ್ಕವೂ ನಿಲ್ಲುತ್ತದೆ. ಒಂದು ಟ್ರಂಕನ್ನು ನೇರವಾಗಿ ಆ ಎಕ್ಸ್‌ಟೆನ್ಷನ್‌ಗೆ ಕಟ್ಟಿಬಿಡುವುದೇ ನೆಮ್ಮದಿಯ ದಾರಿ. ಜತೆಗೆ ಸರ್ವರಿನಲ್ಲಿ ಕಾಲ್-ಬ್ಯಾಕ್ ವ್ಯವಸ್ಥೆ ಮಾಡಬೇಕು. ಶಾಖೆಯ ಹೆಸರು ಮತ್ತು ಪಾಸ್‌ವರ್ಡ್ ಒಪ್ಪಿದ ಮೇಲೆ ಸರ್ವರ್ ಲೈನ್ ಬಿಟ್ಟು, ಮೊದಲೇ ಗೊತ್ತುಪಡಿಸಿದ ನಂಬರಿಗೆ ತಾನೇ ಕರೆ ಮಾಡುತ್ತದೆ, ಹೀಗಾಗಿ ಪಾಸ್‌ವರ್ಡ್ ಕದ್ದವನಿಗೂ ಒಳಗೆ ಬರಲು ಆಗುವುದಿಲ್ಲ.

ಇಷ್ಟೆಲ್ಲ ಹೊಂದಿಸುವ ಬದಲು ಮೋಡೆಮ್‌ಗೆ ಇಪಿಎಬಿಎಕ್ಸ್ ದಾಟದ ಒಂದು ನೇರ ಲೈನ್ ಕೊಡಬಾರದೇ ಎಂದು ಕೇಳಿದರೆ, ಕೊಡಲೇಬೇಕು ಎಂಬುದೇ ನನ್ನ ಉತ್ತರ. ಲೈನ್ ಸಿಗದ ಅಥವಾ ಖರ್ಚಿಗೆ ಒಪ್ಪದ ಕಡೆಗಳಲ್ಲಿ ಮಾತ್ರ ಉಳಿದ ದಾರಿಗಳು. ಆಗಲೂ ಒಂದು ಟ್ರಂಕನ್ನು ಪ್ರತ್ಯೇಕ ಗುಂಪಿಗೆ ಹಾಕಿ, ಅದಕ್ಕೆ ಬೇರೆ ಪ್ರವೇಶ ಅಂಕಿ ಕೊಟ್ಟರೆ, ಮೋಡೆಮ್ ಯಾವಾಗಲೂ ಅದೇ ಲೈನಿನಲ್ಲಿ ಹೋಗುತ್ತದೆ. ಆಗ ತೊಂದರೆ ಬಂದರೆ ಒಂದೇ ಲೈನನ್ನು ಪರೀಕ್ಷಿಸಿದರೆ ಸಾಕು.

ಕಂಪ್ಯೂಟರುಗಳಿಗೆ ಈಗ ಇದರ ಅಗತ್ಯವಿಲ್ಲ. ಆದರೆ ಹಳೆಯ ಕಾರ್ಡ್ ಸ್ವೈಪ್ ಯಂತ್ರ, ಫ್ಯಾಕ್ಸ್, ಅಲಾರಂ ಪೆಟ್ಟಿಗೆ ಇಂಥವು ಇನ್ನೂ ಡಯಲ್ ಮಾಡುವ ಕಡೆಗಳಿವೆ, ಮತ್ತು ಅವುಗಳ ಹಿಂದಿರುವ ಇಪಿಎಬಿಎಕ್ಸ್ ಈಗ ಐಪಿ ಆಧಾರಿತವಾಗಿದೆ, ಅಂದರೆ ಧ್ವನಿಯನ್ನು ಕಂಪ್ಯೂಟರ್ ಜಾಲದ ಮೇಲೆ ಪುಟ್ಟ ಪ್ಯಾಕೆಟ್‌ಗಳಾಗಿ ಸಾಗಿಸುತ್ತದೆ. ಸ್ವೈಪ್ ಯಂತ್ರಗಳು ಬೇಕೆಂದೇ ವಿ.22ರ 1200 ಬಿಟ್ ವೇಗ ಬಳಸುತ್ತಿದ್ದವು, ಏಕೆಂದರೆ ಕಳಿಸುವ ಮಾಹಿತಿ ಅತ್ಯಲ್ಪ, ಆ ತುದಿಯ ಮೋಡೆಮ್‌ನೊಂದಿಗೆ ಬೇಗ ಸಂಪರ್ಕ ಕುದುರಿಸುವುದೇ ಮುಖ್ಯ. ಆ ನಿಧಾನವೇ ಅವುಗಳನ್ನು ಐಪಿ ಜಾಲದಲ್ಲಿಯೂ ಒಂದಿಷ್ಟು ಕಾಪಾಡುತ್ತದೆ. ಅಂಥ ಯಂತ್ರ ಇರುವ ಪೋರ್ಟಿನಲ್ಲಿ ಧ್ವನಿಯನ್ನು ಕುಗ್ಗಿಸುವ ಜಿ.729 ಕೋಡೆಕ್ ಇರಲೇಬಾರದು, ಏಕೆಂದರೆ ಅದು ಮನುಷ್ಯರ ಮಾತಿನ ಮಾದರಿಯನ್ನು ಮಾತ್ರ ಉಳಿಸಿಕೊಂಡು ಮೋಡೆಮ್‌ನ ಸಂಕೇತವನ್ನು ಕೆಡಿಸುತ್ತದೆ. ಹಾಗೆ ಕುಗ್ಗಿಸದ ಜಿ.711 ಹಾಕಬೇಕು, ಅದರಲ್ಲೂ ನಮ್ಮ ದೇಶದಲ್ಲಿ ಬಳಸುವ ಎ-ಲಾ ಬಗೆಯದನ್ನು. ಮೌನ ಬಂದಾಗ ಪ್ಯಾಕೆಟ್ ಕಳಿಸದಿರುವ ಸೌಲಭ್ಯವನ್ನು ನಿಲ್ಲಿಸಬೇಕು, ಹಿಂದುಮುಂದಾಗಿ ಬರುವ ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜಿಟರ್ ಬಫರನ್ನು ತಾನಾಗಿ ಹಿಗ್ಗಿ ಕುಗ್ಗದಂತೆ ಒಂದೇ ಅಳತೆಗೆ ಕಟ್ಟಬೇಕು. ಮೋಡೆಮ್ ಎತ್ತಿದಾಗ ಕಳಿಸುವ 2100 ಹರ್ಟ್ಸ್‌ನ ಉತ್ತರ ಸ್ವರದಲ್ಲಿ ಪ್ರತಿ 450 ಮಿಲಿಸೆಕೆಂಡಿಗೊಮ್ಮೆ ಫೇಸ್ ತಿರುಗುವುದು ದಾರಿಯಲ್ಲಿರುವ, ಪ್ರತಿಧ್ವನಿ ಅಳಿಸುವ ಎಕೋ ಕ್ಯಾನ್ಸಲರುಗಳಿಗೆ ಸುಮ್ಮನಿರಿ ಎಂದು ಹೇಳುವುದಕ್ಕೆ. ಫೋನ್ ಲೈನನ್ನು ಐಪಿ ಜಾಲಕ್ಕೆ ಸೇರಿಸುವ ಗೇಟ್‌ವೇ ಆ ಸೂಚನೆಯನ್ನು ಪಾಲಿಸುತ್ತಿದೆಯೇ ಎಂದು ಅದರ ಸೆಟ್ಟಿಂಗ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು. ಫ್ಯಾಕ್ಸಿಗೆ ಮಾತ್ರ ಟಿ.38 ಎಂಬ ಬೇರೆಯೇ ಮಾರ್ಗವಿದೆ, ಎರಡೂ ತುದಿಗಳಲ್ಲಿ ಅದು ಇದ್ದರೆ ಅದನ್ನೇ ಬಳಸುವುದು ಒಳಿತು. ಲಿಫ್ಟಿನ ತುರ್ತು ಫೋನ್ ಮತ್ತು ಬೆಂಕಿಯ ಅಲಾರಂಗಳನ್ನು ನಾನು ಇವತ್ತಿಗೂ ಐಪಿ ಇಪಿಎಬಿಎಕ್ಸ್‌ಗೆ ಸೇರಿಸಲು ಒಪ್ಪುವುದಿಲ್ಲ. ಕಟ್ಟಡದ ವಿದ್ಯುತ್ ಹೋಗಿ, ಯುಪಿಎಸ್ ಖಾಲಿಯಾದ ಮೇಲೆಯೂ ಅವು ಕರೆ ಮಾಡಬೇಕು. ದೂರವಾಣಿ ಕೇಂದ್ರದ ಬ್ಯಾಟರಿಯಿಂದಲೇ ನಡೆಯುವ ತಾಮ್ರದ ನೇರ ಲೈನ್ ಇನ್ನೂ ಸಿಗುವ ಊರುಗಳಲ್ಲಿ ಅದನ್ನು ಬಿಟ್ಟುಕೊಡದೆ ಅವುಗಳಿಗಾಗಿ ಉಳಿಸಿಕೊಳ್ಳಬೇಕು, ಸಿಗದ ಕಡೆ ತನ್ನದೇ ಬ್ಯಾಟರಿ ಇರುವ ಜಿಎಸ್‌ಎಂ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಕೂರಿಸಬೇಕು.